ಬೀರುವಿನ ಬಾಗಿಲು, ಉಂಗುರದ ಹಾದಿ

1931ರ ಸೆಪ್ಟೆಂಬರ್ 19ರ ರಾತ್ರಿ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಊಟ ಮುಗಿಸಿದ ಮೂವರು ಅಧ್ಯಾಪಕರು ಮಾಡ್ಲಿನ್ ಕಾಲೇಜಿನ ಮರಸಾಲಿನ ದಾರಿಯಲ್ಲಿ ಅಡ್ಡಾಡುತ್ತಿದ್ದರು. ಸಿ.ಎಸ್. ಲೂಯಿಸ್, ಜೆ.ಆರ್.ಆರ್. ಟೋಲ್ಕಿನ್ ಮತ್ತು ಹ್ಯೂಗೊ ಡೈಸನ್. ಮಾತು ಪುರಾಣಕಥೆಗಳತ್ತ ಹೊರಳಿತು. ಎಷ್ಟೇ ಸುಂದರವಾಗಿದ್ದರೂ ಪುರಾಣಗಳೆಲ್ಲ ಸುಳ್ಳೇ ತಾನೇ ಎಂಬುದು ಲೂಯಿಸ್ ವಾದ. ಟೋಲ್ಕಿನ್ ಒಪ್ಪಲಿಲ್ಲ. ಮನುಷ್ಯ ದೇವರ ಸೃಷ್ಟಿ, ಆದ್ದರಿಂದಲೇ ಅವನೂ ಕಥೆಯ ಲೋಕಗಳನ್ನು ಸೃಷ್ಟಿಸುತ್ತಾನೆ, ಅವುಗಳಲ್ಲಿ ಸತ್ಯದ ಕಿಡಿ ಇದ್ದೇ ಇರುತ್ತದೆ. ಕ್ರಿಸ್ತನ ಕಥೆಯಾದರೋ ನಿಜವಾಗಿ ನಡೆದ ಪುರಾಣ ಎಂದರು. ಅವರು ಮನೆಗೆ ಹೊರಟಾಗ ಬೆಳಗಿನ ಜಾವ ಮೂರು ಗಂಟೆ.

ದೇವರಿದ್ದಾನೆ ಎಂಬಲ್ಲಿಗೆ ಬಂದು ನಿಂತಿದ್ದ ಲೂಯಿಸ್, ಕ್ರಿಸ್ತನನ್ನು ಮಾತ್ರ ಒಪ್ಪಿರಲಿಲ್ಲ. ಕೆಲವೇ ದಿನಗಳಲ್ಲಿ ಅಣ್ಣನ ಮೋಟಾರ್ ಸೈಕಲ್ಲಿಗೆ ಜೋಡಿಸಿದ ಪಕ್ಕದ ಗಾಡಿಯಲ್ಲಿ ಕುಳಿತು ವಿಪ್ಸ್‌ನೇಡ್ ಮೃಗಾಲಯಕ್ಕೆ ಹೋದರು. ಹೊರಡುವಾಗ ಇಲ್ಲದ ನಂಬಿಕೆ ತಲುಪುವಾಗ ಇತ್ತು ಎಂದು ಅವರೇ ಬರೆದುಕೊಂಡಿದ್ದಾರೆ. ಇಪ್ಪತ್ತನೆಯ ಶತಮಾನದ ಎರಡು ಪ್ರಸಿದ್ಧ ಕಲ್ಪನಾಲೋಕಗಳ ಹಿಂದೆ ಈ ರಾತ್ರಿಯ ನಡಿಗೆಯ ಸ್ನೇಹವಿದೆ. ಆದರೆ ಆ ಸ್ನೇಹಿತರು ಒಬ್ಬರ ಲೋಕವನ್ನು ಇನ್ನೊಬ್ಬರು ಒಂದೇ ಸಮನಾಗಿ ಮೆಚ್ಚಲಿಲ್ಲ.

ಈ ಪರಂಪರೆಯ ಹಿರಿಯ ಸ್ಕಾಟ್ಲೆಂಡಿನ ಜಾರ್ಜ್ ಮ್ಯಾಕ್‌ಡೊನಾಲ್ಡ್ (1824-1905). ಚರ್ಚಿನ ಉಪದೇಶಕರಾಗಿದ್ದ ಅವರ ಉದಾರ ವಿಚಾರಗಳು ಸಭೆಯವರಿಗೆ ಹಿಡಿಸದೆ 1853ರಲ್ಲಿ ಕೆಲಸ ಬಿಡಬೇಕಾಯಿತು. ಬೋಧನೆಯ ಪೀಠ ತಪ್ಪಿದ ಮೇಲೆ ಕಥೆ ಹಿಡಿದರು. ಅವರ ‘ಫ್ಯಾಂಟಾಸ್ಟೀಸ್’ 1858ರಲ್ಲಿ ಬಂತು. 1916ರಲ್ಲಿ, ಆಗಿನ್ನೂ ಅಪ್ಪಟ ನಾಸ್ತಿಕರಾಗಿದ್ದ ಹದಿಹರೆಯದ ಲೂಯಿಸ್ ಅದರ ಪ್ರತಿಯೊಂದನ್ನು ರೈಲು ನಿಲ್ದಾಣದ ಪುಸ್ತಕದಂಗಡಿಯಲ್ಲಿ ಕೊಂಡರು. ತಮ್ಮ ಬುದ್ಧಿಗಿಂತ ಎಷ್ಟೋ ಮೊದಲೇ ತಮ್ಮ ಕಲ್ಪನೆ ದೀಕ್ಷೆ ಪಡೆದದ್ದು ಆ ಪುಸ್ತಕದಿಂದ ಎಂದು ಅವರು ಮುಂದೆ ಹೇಳಿದರು.

ಲೂಯಿಸ್ ಮತ್ತು ಟೋಲ್ಕಿನ್ ಇಬ್ಬರೂ ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡವರು. ಟೋಲ್ಕಿನ್ ಅವರ ತಾಯಿ ಮೇಬಲ್ ವಿಧವೆ. 1900ರಲ್ಲಿ ಕ್ಯಾಥೊಲಿಕ್ ಮತಕ್ಕೆ ಸೇರಿದಾಗ ಬಂಧುಗಳ ಹಣದ ನೆರವು ನಿಂತುಹೋಯಿತು. 1904ರಲ್ಲಿ ಮಧುಮೇಹದಿಂದ ತೀರಿಕೊಂಡರು. ತಾಯಿ ಧರ್ಮಕ್ಕಾಗಿಯೇ ಪ್ರಾಣ ತೆತ್ತರೆಂದು ಮಗ ಕೊನೆಯವರೆಗೂ ನಂಬಿದ್ದರು. ಬೆಲ್‌ಫಾಸ್ಟ್‌ನ ಲೂಯಿಸ್‌ಗೆ ತಾಯಿ ಕ್ಯಾನ್ಸರ್‌ನಿಂದ ಇಲ್ಲವಾದಾಗ, 1908ರಲ್ಲಿ, ಒಂಬತ್ತು ವರ್ಷ. ಹುಡುಗ ಮಾಡಿದ ಪ್ರಾರ್ಥನೆ ಫಲಿಸಲಿಲ್ಲ. ನಲವತ್ತೇಳು ವರ್ಷಗಳ ನಂತರ ಬಂದ ‘ದಿ ಮೆಜಿಶಿಯನ್ಸ್ ನೆಫ್ಯೂ’ ಕಥೆಯಲ್ಲಿ, ಸಾಯಲಿರುವ ತಾಯಿಗಾಗಿ ಬಾಲಕನೊಬ್ಬ ಮಾಯಾಲೋಕದಿಂದ ಸೇಬಿನ ಹಣ್ಣು ತರುತ್ತಾನೆ, ತಾಯಿ ಗುಣವಾಗುತ್ತಾಳೆ. ಇದನ್ನು ಬರೀ ಮಕ್ಕಳ ಕಥೆ ಎಂದು ಓದುವುದು ಕಷ್ಟ.

ಇಬ್ಬರೂ ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕೊಳೆತವರು. ಯುದ್ಧದ ನಂತರ ಆಕ್ಸ್‌ಫರ್ಡ್‌ನಲ್ಲಿ ಸೇರಿದ ‘ಇಂಕ್ಲಿಂಗ್ಸ್’ ಎಂಬ ಗೆಳೆಯರ ಕೂಟಕ್ಕೆ ಸದಸ್ಯತ್ವವಿರಲಿಲ್ಲ, ನಿಯಮಾವಳಿ ಇರಲಿಲ್ಲ. ಗುರುವಾರ ರಾತ್ರಿ ಲೂಯಿಸ್ ಕೋಣೆಯಲ್ಲಿ ಹಸ್ತಪ್ರತಿ ಓದು. ಮಂಗಳವಾರ ‘ಈಗಲ್ ಅಂಡ್ ಚೈಲ್ಡ್’ ಎಂಬ ಪಬ್ಬಿನಲ್ಲಿ ಬಿಯರು ಮತ್ತು ಹರಟೆ. 1939ರಲ್ಲಿ ಚಾರ್ಲ್ಸ್ ವಿಲಿಯಮ್ಸ್ ಬಂದು ಕೂಡಿಕೊಂಡರು. ಅವರ ಕಥೆಗಳಲ್ಲಿ ಬೇರೆ ಲೋಕವಿಲ್ಲ, ಅಲೌಕಿಕವೇ ಇಂಗ್ಲೆಂಡಿನ ಬೀದಿಗೆ ನುಗ್ಗುತ್ತದೆ. ಇಂದು ಅವರನ್ನು ಓದುವವರು ಕಡಿಮೆ.

ಟೋಲ್ಕಿನ್ 1937ರ ಡಿಸೆಂಬರ್‌ನಲ್ಲಿ ತೊಡಗಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮೂರು ಸಂಪುಟಗಳಾಗಿ ಹೊರಬಂದದ್ದು 1954-55ರಲ್ಲಿ. ಅಧ್ಯಾಯ ಅಧ್ಯಾಯವಾಗಿ ಕೇಳಿ, ಮುಂದೇನು ಎಂದು ಪೀಡಿಸಿದವರು ಲೂಯಿಸ್. ಅವರು ಬೆನ್ನು ಹತ್ತದಿದ್ದರೆ ಪುಸ್ತಕ ಮುಗಿಯುತ್ತಲೇ ಇರಲಿಲ್ಲ ಎಂದು ಟೋಲ್ಕಿನ್ ಒಪ್ಪಿಕೊಂಡಿದ್ದಾರೆ. ಆದರೆ ಲೂಯಿಸ್ ತಮ್ಮ ನಾರ್ನಿಯಾ ಕಥೆಯನ್ನು ಓದಿದಾಗ ಟೋಲ್ಕಿನ್‌ಗೆ ಹಿಡಿಸಲಿಲ್ಲ. ರೋಮನ್ನರ ಮೇಕೆಕಾಲಿನ ವನದೇವತೆ ಮತ್ತು ಕ್ರಿಸ್ಮಸ್ ತಾತ ಒಂದೇ ಹಿಮದಲ್ಲಿ ಓಡಾಡುವುದು ಅವರಿಗೆ ಕಲಸುಮೇಲೋಗರ. ಒಂದು ಲೋಕಕ್ಕೆ ಭಾಷೆ, ನಕ್ಷೆ, ಪಂಚಾಂಗ ಎಲ್ಲ ಕಟ್ಟಿಕೊಂಡು ಕೂತ ಭಾಷಾಶಾಸ್ತ್ರಜ್ಞ ಅವರು. ಲೂಯಿಸ್ ಏಳು ಪುಸ್ತಕಗಳನ್ನು 1950ರಿಂದ 1956ರೊಳಗೆ ಪ್ರಕಟಿಸಿ ಮುಗಿಸಿದರು.

ನಿಜವಾದ ಭಿನ್ನಮತ ಇನ್ನೂ ಆಳದ್ದು. ನಾರ್ನಿಯಾದಲ್ಲಿ ಧರ್ಮ ಮೇಲ್ಮೈಯಲ್ಲೇ ಕಾಣುತ್ತದೆ. ಬಟ್ಟೆಯ ಬೀರುವಿನ ಮೂಲಕ ಆ ನಾಡಿಗೆ ಹೋದ ಮಕ್ಕಳಲ್ಲಿ ಎಡ್ಮಂಡ್ ಎಂಬವನು ಮಿಠಾಯಿಯ ಆಸೆಗೆ ಒಡಹುಟ್ಟಿದವರನ್ನೇ ಹಿಡಿದುಕೊಡಲು ಹೊರಡುತ್ತಾನೆ. (ಪುಸ್ತಕ ಬಂದಾಗ ಬ್ರಿಟನ್ನಿನಲ್ಲಿ ಮಿಠಾಯಿಗೆ ಇನ್ನೂ ರೇಷನ್ ಇತ್ತು ಎಂಬುದನ್ನು ನೆನೆದರೆ ಆ ಆಸೆ ಅರ್ಥವಾಗುತ್ತದೆ.) ಅವನ ಬದಲು ಅಸ್ಲಾನ್ ಎಂಬ ಸಿಂಹ ಪ್ರಾಣ ಕೊಡುತ್ತದೆ, ಬೆಳಗಾಗುವಾಗ ಮತ್ತೆ ಎದ್ದು ಬರುತ್ತದೆ. ಬೈಬಲ್ ಬಲ್ಲವರಿಗೆ ವಿವರಣೆ ಬೇಡ.

ಟೋಲ್ಕಿನ್ ಲೋಕದಲ್ಲಿ ಚರ್ಚಿಲ್ಲ, ಪಾದ್ರಿಯಿಲ್ಲ, ಪೂಜೆ ಎಂಬುದು ಇಲ್ಲವೆನ್ನುವಷ್ಟು ಕಡಿಮೆ. ಇದು ಮೂಲತಃ ಕ್ಯಾಥೊಲಿಕ್ ಕೃತಿ, ಅದಕ್ಕೇ ಮತಾಚಾರವನ್ನೆಲ್ಲ ತೆಗೆದುಹಾಕಿದೆ ಎಂದು ಅವರು 1953ರಲ್ಲಿ ಪಾದ್ರಿ ಮಿತ್ರರೊಬ್ಬರಿಗೆ ಬರೆದರು. ವಿಚಿತ್ರ ತರ್ಕ ಎನಿಸಬಹುದು. ಕಥೆಯ ತುದಿಗೆ ಬಂದಾಗ ಬಿಡಿಸುತ್ತದೆ. ಕೆಟ್ಟ ಉಂಗುರವನ್ನು ಬೆಂಕಿಯ ಬೆಟ್ಟಕ್ಕೆ ಎಸೆಯಲು ಅಷ್ಟು ದೂರ ನಡೆದು ಬಂದ ಫ್ರೋಡೊ, ಕೊನೆಯ ಗಳಿಗೆಯಲ್ಲಿ ಸೋಲುತ್ತಾನೆ. ಅದು ತನ್ನದೆನ್ನುತ್ತಾನೆ. ಲೋಕ ಉಳಿಯುವುದು, ಹಿಂದೆ ಯಾರೋ ಕನಿಕರಪಟ್ಟು ಕೊಲ್ಲದೆ ಬಿಟ್ಟಿದ್ದ ಗೊಲ್ಲಮ್ ಎಂಬ ಪಾಪಿಯ ಕೈಯಲ್ಲಿ. ಅವನು ಬೆರಳು ಕಚ್ಚಿ ಉಂಗುರ ಕಸಿದು, ಅದರೊಡನೆ ಬೆಂಕಿಗೆ ಬೀಳುತ್ತಾನೆ. ಆ ದಿನ ಮಾರ್ಚ್ 25. ಯೇಸು ಹುಟ್ಟುವನೆಂದು ದೇವದೂತ ಮೇರಿಗೆ ತಿಳಿಸಿದ ದಿನವೆಂದು ಚರ್ಚು ಆಚರಿಸುವ ಹಬ್ಬ ಅಂದೇ. ಆದರೆ ಪುಸ್ತಕದಲ್ಲೆಲ್ಲೂ ಆ ಮಾತಿಲ್ಲ.

ವಯಸ್ಸಾದಂತೆ ಗೆಳೆತನ ತಣ್ಣಗಾಯಿತು. ಲೂಯಿಸ್ ಕ್ಯಾಥೊಲಿಕ್ಕರಾಗದೆ ಆಂಗ್ಲಿಕನ್ ಚರ್ಚಿಗೆ ಮರಳಿದ್ದು ಟೋಲ್ಕಿನ್‌ಗೆ ನೋವು ತಂದಿತ್ತು. ಆದರೂ 1961ರ ನೊಬೆಲ್ ಸಾಹಿತ್ಯ ಪ್ರಶಸ್ತಿಗೆ ಲೂಯಿಸ್ ಸೂಚಿಸಿದ್ದು ಟೋಲ್ಕಿನ್ ಹೆಸರನ್ನೇ. ಸ್ವೀಡನ್ನಿನ ಸಮಿತಿ ಒಪ್ಪಲಿಲ್ಲ, ಪ್ರಶಸ್ತಿ ಯುಗೊಸ್ಲಾವಿಯಾದ ಇವೊ ಆಂಡ್ರಿಚ್‌ಗೆ ಹೋಯಿತು. ಈ ಸೂಚನೆಯ ಸಂಗತಿ ಕಡತಗಳು ತೆರೆದ 2012ರಲ್ಲಷ್ಟೇ ಹೊರಗೆ ತಿಳಿಯಿತು.

ಲೂಯಿಸ್ ತೀರಿಕೊಂಡದ್ದು 1963ರ ನವೆಂಬರ್ 22ರಂದು. ಅದೇ ದಿನ ಅಮೆರಿಕದಲ್ಲಿ ಕೆನಡಿ ಹತ್ಯೆಯಾಗಿ, ಲೇಖಕನ ಸಾವು ಪತ್ರಿಕೆಗಳಲ್ಲಿ ಮೂಲೆ ಸೇರಿತು. ನಾಲ್ಕು ದಿನಗಳ ಮೇಲೆ ಟೋಲ್ಕಿನ್ ಮಗಳಿಗೆ ಕಾಗದ ಬರೆದರು. ಇಷ್ಟು ದಿನ ಎಲೆಗಳು ಒಂದೊಂದಾಗಿ ಉದುರುತ್ತಿರುವಂತೆ ಅನಿಸುತ್ತಿತ್ತು, ಇದು ಬೇರಿನ ಬಳಿಯೇ ಬಿದ್ದ ಕೊಡಲಿಪೆಟ್ಟು ಎಂದು.