ಕಂದೀಲಿನಿಂದ ಹೈಮಾಸ್ಟ್‌ವರೆಗೆ: ನಮ್ಮ ಇರುಳಿನ ಚರಿತ್ರೆ

ಸೋಲಾಪುರದಿಂದ ವಿಜಯಪುರದ ಕಡೆಗೆ ಬರುವ ರೈಲು ಭೀಮಾ ನದಿಯನ್ನು ದಾಟಿ ಇಂಡಿ ತಾಲ್ಲೂಕಿನೊಳಗೆ ಸಾಗುವಾಗ ಸಿಗುವ ಚಿಕ್ಕ ನಿಲ್ದಾಣಗಳಲ್ಲಿ ಲಚ್ಯಾಣವೂ ಒಂದು. ಸಿದ್ಧಲಿಂಗ ಮಹಾರಾಜರ ಮಠದಿಂದ ಹೆಸರಾದ ಊರಿದು. 1880ರ ದಶಕದಲ್ಲಿ ಈ ದಾರಿಗೆ ರೈಲು ಬಂದಾಗ ಇಂಥ ಊರುಗಳ ಇರುಳಿಗೆ ಇದ್ದ ಬೆಳಕು ತೀರಾ ಸ್ವಲ್ಪ. ಗೋಡೆಯ ಗೂಡಿನಲ್ಲೊಂದು ಎಣ್ಣೆಯ ಹಣತೆ, ಮುಂದೆ ಸೀಮೆಎಣ್ಣೆಯ ಚಿಮಣಿ, ಹೊಲಕ್ಕೆ ಹೋಗುವವನ ಕೈಯಲ್ಲೊಂದು ಕಂದೀಲು. ಉಳಿದದ್ದೆಲ್ಲ ಚಂದ್ರ ಮತ್ತು ಚುಕ್ಕೆಗಳ ಪಾಲು.

ಇಂದು ಹಳ್ಳಿಗಳಿಗೂ ಎಲ್‌ಇಡಿ ಬೀದಿದೀಪ ಬಂದಿದೆ. ವೃತ್ತಗಳಲ್ಲಿ ಹೈಮಾಸ್ಟ್ ಕಂಬಗಳು ನಿಂತಿವೆ. ಇದು ಸಣ್ಣ ಸಾಧನೆಯಲ್ಲ. ಕತ್ತಲೆಯಲ್ಲಿ ಹಾವು ತುಳಿದವರ, ಓದಲು ದೀಪವಿಲ್ಲದೆ ಶಾಲೆ ಬಿಟ್ಟವರ ನೆನಪು ನಮ್ಮ ಹಿರಿಯರಲ್ಲಿ ಇನ್ನೂ ಹಸಿಯಾಗಿದೆ. ಆದರೆ ಈ ಬೆಳಕು ಬೇಕಾದ ಕಡೆಗೇ ಬೀಳುತ್ತಿದೆಯೇ, ಬೇಕಾದಷ್ಟೇ ಇದೆಯೇ ಎಂದು ಕೇಳುವ ಕಾಲವೂ ಬಂದಿದೆ. ಉತ್ತರಕ್ಕಾಗಿ ನಮ್ಮ ಚರಿತ್ರೆಯನ್ನೇ ಸ್ವಲ್ಪ ತಿರುವಿ ನೋಡೋಣ.

ಚುಕ್ಕೆಗಳನ್ನು ಬಲ್ಲ ಸೀಮೆ

ಬಹಮನಿ ದೊರೆ ಫಿರೋಜ್ ಷಾ (1397-1422) ಕಲಬುರ್ಗಿಯಿಂದ ಆಳಿದವನು. ಖಗೋಳದಲ್ಲಿ ಆಸಕ್ತಿಯಿದ್ದ ಈತ 1407ರಲ್ಲಿ ದೌಲತಾಬಾದಿನ ಬಳಿ ಒಂದು ವೀಕ್ಷಣಾಲಯವನ್ನು ಕಟ್ಟಿಸಲು ಹೊರಟ. ಉಸ್ತುವಾರಿ ಹೊತ್ತಿದ್ದ ವಿದ್ವಾಂಸನ ಮರಣದಿಂದ ಕೆಲಸ ಅರ್ಧಕ್ಕೇ ನಿಂತಿತು. ಸಮರಕಂದದಲ್ಲಿ ಉಲುಗ್ ಬೇಗ್ ತನ್ನ ಪ್ರಸಿದ್ಧ ವೀಕ್ಷಣಾಲಯವನ್ನು ಕಟ್ಟಿಸುವುದಕ್ಕೂ ಮೊದಲಿನ ಸಂಗತಿಯಿದು. ವಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಕುಳಿತು ಇತಿಹಾಸ ಬರೆದ ಫಿರಿಷ್ತಾನಿಂದ ಇದು ನಮಗೆ ತಿಳಿದುಬರುತ್ತದೆ.

ಅದೇ ವಿಜಾಪುರದಲ್ಲಿ 1570ರಲ್ಲಿ 'ನುಜೂಮುಲ್ ಉಲೂಮ್' ಎಂಬ ಸಚಿತ್ರ ಗ್ರಂಥ ಸಿದ್ಧವಾಯಿತು. ಒಂದನೆಯ ಅಲಿ ಆದಿಲ್ ಷಾನೇ ಅದರ ಕರ್ತೃವೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಗ್ರಹ, ನಕ್ಷತ್ರ, ರಾಶಿಗಳನ್ನು ಕುರಿತ ಈ ಹಸ್ತಪ್ರತಿಯಲ್ಲಿ ಇಸ್ಲಾಮೀ ಮತ್ತು ಭಾರತೀಯ ಜ್ಞಾನಗಳೆರಡೂ ಬೆರೆತಿವೆ. ಇಂದು ಅದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ.

ಆಸ್ಥಾನದಲ್ಲಿ ನಡೆದ ಈ ಬೆರಕೆ ಆಕಾಶದ ಹೆಸರುಗಳಲ್ಲೂ ಕಾಣುತ್ತದೆ. ನಮ್ಮ ರೈತ ರೋಹಿಣಿ ಎಂದು ಕರೆಯುವ ನಕ್ಷತ್ರವನ್ನು ಜಗತ್ತಿನ ಖಗೋಳಜ್ಞರು ಅಲ್ಡೆಬರಾನ್ ಎನ್ನುತ್ತಾರೆ. 'ಹಿಂಬಾಲಿಸುವವನು' ಎಂಬರ್ಥದ ಅರಬಿ ಪದವದು. ಶ್ರವಣ ನಕ್ಷತ್ರದ ಆಲ್ಟೇರ್ ಎಂಬ ಹೆಸರೂ ಅರಬಿಯದೇ. 'ಹಾರುವ ಹದ್ದು' ಎಂಬ ಮಾತಿನಿಂದ ಬಂದದ್ದು. ಮೃಗಶಿರ, ಆರಿದ್ರಾ, ಹುಬ್ಬೆ, ಉತ್ತರೆ ಎಂದು ಮಳೆಗಳನ್ನು ಎಣಿಸುವ ಒಕ್ಕಲಿಗನಿಗೂ, ಮರುಭೂಮಿಯಲ್ಲಿ ದಾರಿ ಹುಡುಕುತ್ತಿದ್ದ ಅರಬನಿಗೂ ಒಂದೇ ಆಕಾಶ ಪಂಚಾಂಗವಾಗಿತ್ತು. ನೆಲ, ಜಲಗಳ ಕತ್ತಲೆಯಲ್ಲಿ ದಾರಿ ಕಾಣಲೆಂದೇ ನಕ್ಷತ್ರಗಳನ್ನು ಉಂಟುಮಾಡಲಾಗಿದೆ ಎಂದು ಕುರ್‌ಆನ್‌ನ ಅಲ್ ಅನ್‌ಆಮ್ ಅಧ್ಯಾಯ ನೆನಪಿಸುತ್ತದೆ.

ದೀಪಕ್ಕೂ ಒಂದು ಶಿಸ್ತು

ಹಾಗೆಂದು ಮುಸ್ಲಿಮ್ ನಾಗರಿಕತೆ ಬೆಳಕನ್ನು ಕಡೆಗಣಿಸಿತೆಂದಲ್ಲ. ಮಸೀದಿಗಳಲ್ಲಿ ಮೊದಲು ದೀಪ ಹಚ್ಚಿದವರು ತಮೀಮುದ್ದಾರಿ(ರ) ಎಂಬ ವರದಿ ಇಬ್ನು ಮಾಜಾದಲ್ಲಿದೆ. ಸ್ಪೇನಿನ ಕುರ್ತುಬಾ ನಗರದ ದೀಪಗಳ ಬೆಳಕಿನಲ್ಲೇ ಹತ್ತು ಮೈಲಿ ನಡೆಯಬಹುದಿತ್ತೆಂಬ ಹೊಗಳಿಕೆಯನ್ನು ಇತಿಹಾಸಕಾರ ಅಲ್ ಮಖ್ಖರಿ ದಾಖಲಿಸಿದ್ದಾನೆ. ಆದರೆ ಮಲಗುವ ಮುನ್ನ ದೀಪ ಆರಿಸಿರೆಂದು ಪ್ರವಾದಿ ಮುಹಮ್ಮದ್(ಸ) ಸೂಚಿಸಿದ್ದೂ ಹದೀಸ್‌ಗಳಲ್ಲಿದೆ. ಇಲಿಯೊಂದು ಉರಿಯುವ ಬತ್ತಿಯನ್ನು ಎಳೆದೊಯ್ದು ಮನೆಗೆ ಬೆಂಕಿ ಹಚ್ಚೀತೆಂಬ ಎಚ್ಚರಿಕೆ ಅದರ ಹಿಂದಿತ್ತು. ಇಂದಿನ ದೀಪಕ್ಕೆ ಬತ್ತಿಯಿಲ್ಲ, ನಿಜ. ಆದರೂ ಕೆಲಸ ಮುಗಿದ ಮೇಲೆ ದೀಪ ಆರಿಸಬೇಕೆಂಬ ಶಿಸ್ತು ಹಳತಾಗಿಲ್ಲ.

ನಮ್ಮ ಸೀಮೆಯ ಸೂಫಿ ಪರಂಪರೆಯಲ್ಲಂತೂ ದೀಪಕ್ಕೆ ಎತ್ತರದ ಸ್ಥಾನವಿದೆ. 1422ರಲ್ಲಿ ಕಲಬುರ್ಗಿಯಲ್ಲಿ ನಿಧನರಾದ ಖ್ವಾಜಾ ಬಂದೇ ನವಾಜ್ ಅವರ ಗುರು ನಸೀರುದ್ದೀನ್ ಮಹಮೂದ್. ಅವರನ್ನು ಜನ 'ಚಿರಾಗ್ ಎ ದೆಹಲಿ', ಅಂದರೆ ದೆಹಲಿಯ ದೀಪ ಎಂದೇ ಕರೆದರು. ಬಂದೇ ನವಾಜರ ಉರುಸಿನಲ್ಲಿ ಗಂಧದ ಮರುದಿನ 'ಚಿರಾಗಾಂ', ದೀಪಗಳ ದಿನ. ಹಿಂದೂ ದೇವಾಲಯಗಳ ದೀಪಮಾಲೆ ಕಂಬಗಳಿಗೂ, ಮೊಹರಂನಲ್ಲಿ ಹಿಂದೂ ಮುಸ್ಲಿಮರು ಕೂಡಿ ಸುತ್ತುವ ಅಲಾಯಿ ಕುಣಿಯ ಬೆಂಕಿಗೂ ಇದೇ ಬಗೆಯ ಸಂಭ್ರಮವಿತ್ತು. ಆ ಒಂದು ರಾತ್ರಿಯ ಬೆಳಕು ಹಬ್ಬವೆನಿಸಿದ್ದು ಉಳಿದ ರಾತ್ರಿಗಳು ಕತ್ತಲಾಗಿದ್ದುದರಿಂದ. ದಿನವೂ ಬೆಳಗಾಗುವವರೆಗೆ ಝಗಮಗಿಸುವ ಕಡೆ ಚಿರಾಗಾಂಗೆ ಏನು ಅರ್ಥ ಉಳಿದೀತು?

ತಂತಿಯ ಮೇಲೆ ಬಂದ ಬೆಳಕು

1902ರಲ್ಲಿ ಶಿವನಸಮುದ್ರದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿತು; 1908ರಲ್ಲಿ ಮೈಸೂರಿಗೂ ಬಂತು. ಈ ಬೆಳಕನ್ನು ಹಳ್ಳಿಗಳಿಗೆ ಒಯ್ಯಲು ಶ್ರಮಿಸಿದವರಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ (1926-41) ಪ್ರಮುಖರು. ಕನ್ನಂಬಾಡಿಯ ಬೃಂದಾವನದಲ್ಲಿ ಬಣ್ಣದ ಬೆಳಕನ್ನು ನೀರಿನೊಂದಿಗೆ ಕುಣಿಸಿದವರೂ ಅವರೇ. ಬೆಳಕಿಗೆ ಒಂದು ಜಾಗ, ಒಂದು ಹೊತ್ತು, ಒಂದು ಅಂದ ಇರಬೇಕೆಂಬ ಅಭಿರುಚಿ ಆ ತೋಟದಲ್ಲಿ ಕಾಣುತ್ತದೆ.

ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ವಿಜಾಪುರ ಜಿಲ್ಲೆಗೆ ಈ ಭಾಗ್ಯ ತಡವಾಗಿ ಬಂತು. ಆದರೆ ಇಂದು ನಾಡಿಗೆ ವಿದ್ಯುತ್ ಕೊಡುವ ಜಿಲ್ಲೆಯೇ ಇದಾಗಿದೆ. ಆಲಮಟ್ಟಿಯಲ್ಲಿ 290 ಮೆಗಾವಾಟ್ ಜಲವಿದ್ಯುತ್ ಘಟಕಗಳಿವೆ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಕೂಡಗಿಯಲ್ಲಿ 2,400 ಮೆಗಾವಾಟ್‌ನ ಶಾಖೋತ್ಪನ್ನ ಸ್ಥಾವರವಿದೆ. ನೀರು, ನೆಲ, ಗಾಳಿ ಏನಾದೀತೆಂಬ ಆತಂಕದಿಂದ ಅದರ ವಿರುದ್ಧ ರೈತರು ದೊಡ್ಡ ಹೋರಾಟವನ್ನೇ ನಡೆಸಿದ್ದರು. ಯಾವುದೋ ನಗರದ ಜಾಹೀರಾತು ಫಲಕದ ಮೇಲೆ ಇರುಳಿಡೀ ಉರಿಯುವ ದೀಪಕ್ಕೆ ಇಲ್ಲಿ ಕಲ್ಲಿದ್ದಲು ಸುಡಬೇಕು, ಬೂದಿ ಹಾರಬೇಕು. ಆಕಾಶಕ್ಕೆ ಚೆಲ್ಲಿದ ಬೆಳಕಿನ ಬೆಲೆಯನ್ನು ನೆಲದ ಮೇಲೆ ಯಾರೋ ತೆರುತ್ತಿರುತ್ತಾರೆ.

ಖಗೋಳಜ್ಞರ ವಲಸೆ

ಬೆಳಕು ಹೆಚ್ಚಾದಾಗ ಏನಾಗುತ್ತದೆ ಎಂಬುದನ್ನು ಮೊದಲು ಅನುಭವಿಸಿದವರು ಖಗೋಳಜ್ಞರು. ಕಲಬುರ್ಗಿ ಸೀಮೆಯನ್ನೂ ಒಳಗೊಂಡಿದ್ದ ನಿಜಾಮರ ರಾಜ್ಯದಲ್ಲಿ ನವಾಬ್ ಜಫರ್ ಜಂಗ್ ಎಂಬ ಉಮರಾವ್ 1901ರಲ್ಲಿ 15 ಅಂಗುಲದ ದೂರದರ್ಶಕ ತರಿಸಿ ಹೈದರಾಬಾದಿನಲ್ಲಿ ವೀಕ್ಷಣಾಲಯ ತೆರೆದರು. ಅವರ ನಂತರ ಸರ್ಕಾರದ ವಶಕ್ಕೆ ಬಂದ ಈ ನಿಜಾಮಿಯಾ ವೀಕ್ಷಣಾಲಯ, ಆಕಾಶದ ನಕ್ಷೆ ಬರೆಯುವ ಅಂತರರಾಷ್ಟ್ರೀಯ ಕಾರ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನ ಗುರುತಿಸಿತು. ಬೆಳೆಯುತ್ತ ಬಂದ ನಗರ ಅದನ್ನು ನುಂಗಿತು. 1960ರ ದಶಕದ ಕೊನೆಗೆ 48 ಅಂಗುಲದ ಹೊಸ ದೂರದರ್ಶಕವನ್ನು ಊರಿಂದಾಚೆಯ ರಂಗಾಪುರದಲ್ಲಿ ನಿಲ್ಲಿಸಬೇಕಾಯಿತು.

ನಿಜಾಮಿಯಾದ ಖಗೋಳಜ್ಞರೊಬ್ಬರ ಮಗ ವೇಣು ಬಾಪು. ಕತ್ತಲ ಆಕಾಶ ಹುಡುಕುತ್ತ ಅವರು ಆರಿಸಿದ್ದು ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರನ್ನು. ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಗೆ ಹೋಯಿತು. 4,500 ಮೀಟರ್ ಎತ್ತರದ ಅಲ್ಲಿನ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದಲೇ ಉಪಗ್ರಹದ ಮೂಲಕ ನಡೆಸಲಾಗುತ್ತದೆ. ಹಾನ್ಲೆಯ ಸುತ್ತ 1,073 ಚದರ ಕಿ.ಮೀ. ಪ್ರದೇಶವನ್ನು 2022ರಲ್ಲಿ 'ಕತ್ತಲ ಆಕಾಶ ಮೀಸಲು' ಎಂದು ಘೋಷಿಸಲಾಯಿತು. ಅಲ್ಲಿನ ಹಳ್ಳಿಗರು ಕತ್ತಲಲ್ಲಿ ಕುಳಿತಿಲ್ಲ. ದೀಪಕ್ಕೆ ಮುಚ್ಚಿಗೆ, ಕಿಟಕಿಗೆ ಪರದೆ, ಬಿಳಿಯ ಬದಲು ಹಳದಿ ಬೆಳಕು, ಇಷ್ಟೇ ಅವರು ಮಾಡಿಕೊಂಡ ಏರ್ಪಾಡು.

ಕಳೆದುಹೋಗುತ್ತಿರುವುದೇನು?

ಮಾನವಕುಲದ ಮೂರನೇ ಒಂದು ಭಾಗಕ್ಕೆ ತಾವಿರುವಲ್ಲಿಂದ ಆಕಾಶಗಂಗೆ ಕಾಣುವುದೇ ಇಲ್ಲವೆಂದು 2016ರ ಜಾಗತಿಕ ಅಧ್ಯಯನವೊಂದು ತಿಳಿಸಿತು. 2011ರಿಂದ 2022ರವರೆಗೆ ಸಾವಿರಾರು ಜನ ಬರಿಗಣ್ಣಿನಿಂದ ಮಾಡಿದ ವೀಕ್ಷಣೆಗಳನ್ನು ಕೂಡಿಸಿ ನೋಡಿದಾಗ, ಇರುಳಾಕಾಶ ವರ್ಷಕ್ಕೆ ಸರಾಸರಿ 9.6 ಶೇಕಡಾ ಬೆಳ್ಳಗಾಗುತ್ತಿರುವುದು ಕಂಡಿತು. ಅಂದರೆ ಎಂಟು ವರ್ಷದೊಳಗೆ ಇಮ್ಮಡಿ.

ಇದರಿಂದ ನಷ್ಟ ಬರಿಯ ವಿಜ್ಞಾನಿಗಳದಲ್ಲ. ಇಂಡಿ, ಸಿಂದಗಿ ಸೀಮೆಯ ತೊಗರಿ, ಜೋಳಗಳು ಇರುಳಿನ ಉದ್ದವನ್ನು ಅಳೆದು ಹೂ ಬಿಡುವ ಬೆಳೆಗಳು. ಪ್ರಖರ ದೀಪದ ಅಡಿಯಲ್ಲಿ ನಿಂತ ಗಿಡಕ್ಕೆ ಇರುಳಾದದ್ದೇ ತಿಳಿಯದೆ ಹೂ ತಡವಾಗಬಹುದು. ಹೂವಿನಿಂದ ಹೂವಿಗೆ ಹೋಗಬೇಕಾದ ಪತಂಗ ಕಂಬವನ್ನು ಸುತ್ತಿ ಸುತ್ತಿ ಸಾಯುತ್ತದೆ. ನಿದ್ದೆ ತರುವ ಮೆಲಟೋನಿನ್ ಎಂಬ ಸ್ರಾವವನ್ನು ನೀಲಿ ಮಿಶ್ರಿತ ಬಿಳಿ ಬೆಳಕು ತಡೆಯುತ್ತದೆ. ಹಗಲು ಆಕಾಶವನ್ನು ನೀಲಿಯಾಗಿಸುವ ಅದೇ ಚದುರುವಿಕೆಯಿಂದ, ಇರುಳಿನಲ್ಲಿ ಇಂಥ ಬೆಳಕು ಊರ ಮೇಲೆ ಮಬ್ಬಾಗಿ ಹರಡುತ್ತದೆ.

ನಮ್ಮ ಆರಾಧನೆಯ ಗಡಿಯಾರವೂ ಆಕಾಶದಲ್ಲೇ ಇದೆ. ಹಿಲಾಲ್ ಕಂಡು ಉಪವಾಸ ಹಿಡಿಯಬೇಕು, ಹಿಲಾಲ್ ಕಂಡು ಹಬ್ಬ ಮಾಡಬೇಕು. ಪೂರ್ವದಲ್ಲಿ ಮೂಡುವ ಬಿಳಿಯ ಎಳೆ ಕಪ್ಪಿನಿಂದ ಬೇರ್ಪಡುವುದೇ ಉಪವಾಸದ ಆರಂಭ. ನಗರದ ದಿಗಂತದಲ್ಲಿ ಆ ಎಳೆಯನ್ನು ಗುರುತಿಸುವುದು ಕಷ್ಟವಾಗಿದೆ. ದೀಪಗಳ ಹೊಳಪಿನ ಹಿಂದೆ ತೆಳು ಚಂದ್ರವೂ ಕಣ್ಣಿಗೆ ಬೀಳದೆ ಹೋಗಬಹುದು. ಗೋಡೆಯ ಕ್ಯಾಲೆಂಡರ್ ಸಮಯ ಹೇಳುತ್ತದೆ ನಿಜ. ಆದರೆ ಮಕ್ಕಳನ್ನು ಮಾಳಿಗೆಗೆ ಕರೆದೊಯ್ದು ಚಂದ್ರ ತೋರಿಸುವ ಸಂಭ್ರಮ ಕ್ಯಾಲೆಂಡರಿನಲ್ಲಿ ಸಿಗದು.

ಹೊಣೆಯರಿತ ಬೆಳಕು

ಪರಿಹಾರ ಕಷ್ಟದ್ದೇನಲ್ಲ. ಅಗತ್ಯವಿರುವಲ್ಲಿ ಮಾತ್ರ ದೀಪ ಹಾಕಬೇಕು. ಬೆಳಕು ಕೆಳಗೆ ಬೀಳುವಂತೆ ಮೇಲೆ ಮುಚ್ಚಿಗೆ ಇರಬೇಕು. ಬಲ್ಬು ಹಳದಿ ಛಾಯೆಯದ್ದಾಗಿ, 3,000 ಕೆಲ್ವಿನ್ ಮೀರದಂತೆ ಇರಬೇಕು. ಓಡಾಟ ನಿಂತ ಹೊತ್ತಿನಲ್ಲಿ ಅದನ್ನು ಮಂದಗೊಳಿಸಬೇಕು ಅಥವಾ ಆರಿಸಬೇಕು. ಅಮೆರಿಕದ ಫ್ಲ್ಯಾಗ್‌ಸ್ಟಾಫ್ ಪಟ್ಟಣ 1958ರಲ್ಲೇ ಆಕಾಶಕ್ಕೆ ಬೀರುವ ಶೋಧದೀಪಗಳನ್ನು ನಿರ್ಬಂಧಿಸಿತ್ತು. 2018ರ ಕೊನೆಯಲ್ಲಿ ಫ್ರಾನ್ಸ್ ಹೊರಾಂಗಣ ದೀಪಗಳಿಗೆ ದೇಶವ್ಯಾಪಿ ನಿಯಮಗಳನ್ನು ತಂದಿತು.

ಕತ್ತಲೆಯೆಂದರೆ ಕಳ್ಳರ ಭಯ, ಹೆಣ್ಣುಮಕ್ಕಳಿಗೆ ಅಪಾಯ ಎಂಬ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಕಣ್ಣಿಗೇ ಚುಚ್ಚುವ ದೀಪ ಅದರ ಹಿಂದಿನ ನೆರಳನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಎದುರಿಗೆ ನಿಂತವನ ಮುಖವೇ ಕಾಣುವುದಿಲ್ಲ. ವೃತ್ತದಲ್ಲಿ ಹೈಮಾಸ್ಟ್ ಉರಿದು ಕೇರಿಯ ಓಣಿಯಲ್ಲಿ ಒಂದು ಬಲ್ಬೂ ಇಲ್ಲದಿದ್ದರೆ ಅದನ್ನು ಸುರಕ್ಷತೆ ಎನ್ನಲಾಗದು. ಮುಗಿಲಿಗೆ ಹೋಗುವ ಬೆಳಕನ್ನು ಬಡವರ ಓಣಿಗೆ ಇಳಿಸುವುದು ನ್ಯಾಯದ ಕೆಲಸವೂ ಹೌದು.

ಹಳ್ಳಿಯ ಬೀದಿದೀಪ ಗ್ರಾಮ ಪಂಚಾಯಿತಿಯ ಹೊಣೆ. ಮುಂದಿನ ಗ್ರಾಮಸಭೆಯಲ್ಲಿ ಯಾವ ಓಣಿಗೆ ದೀಪ ಬೇಕು, ಯಾವ ದೀಪಕ್ಕೆ ಮುಚ್ಚಿಗೆ ಬೇಕು ಎಂದು ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಮಸೀದಿ, ದರ್ಗಾ, ಗುಡಿ, ಮಠಗಳ ಸಮಿತಿಗಳೂ ಮೊದಲ ಹೆಜ್ಜೆ ಇಡಬಹುದು. ಇಶಾ ನಮಾಜು ಮುಗಿದು ಜನ ಮನೆ ಸೇರಿದ ಬಳಿಕ ಮಿನಾರಿನ ದೀಪಗಳನ್ನು ಆರಿಸಿದರೆ ದೀನಿಗೆ ಕುಂದು ಬರುವುದಿಲ್ಲ. ದುಂದುಗಾರಿಕೆಯನ್ನು ಕುರ್‌ಆನ್ ಎಷ್ಟು ಕಟುವಾಗಿ ಖಂಡಿಸಿದೆಯೆಂಬುದು ಎಲ್ಲರಿಗೂ ತಿಳಿದದ್ದೇ.

ಅದೇ ಗ್ರಂಥದ ಅಲ್ ಕಸಸ್ ಅಧ್ಯಾಯ ಎರಡು ಪ್ರಶ್ನೆಗಳನ್ನು ಅಕ್ಕಪಕ್ಕದಲ್ಲಿ ಇಡುತ್ತದೆ. ಇರುಳೇ ಶಾಶ್ವತವಾಗಿಬಿಟ್ಟರೆ ನಿಮಗೆ ಬೆಳಕು ತಂದುಕೊಡುವವರಾರು? ಹಗಲೇ ಶಾಶ್ವತವಾಗಿಬಿಟ್ಟರೆ ವಿಶ್ರಾಂತಿಗೆ ಇರುಳನ್ನು ತಂದುಕೊಡುವವರಾರು? ನಮ್ಮ ಅಜ್ಜ ಅಜ್ಜಿಯರು ಮೊದಲ ಪ್ರಶ್ನೆಯೊಡನೆ ಬದುಕಿದರು. ಎರಡನೆಯದು ನಮ್ಮ ಪಾಲಿಗೆ ಬಂದಿದೆ. ಭೀಮಾ ತೀರದ ಊರುಗಳ ಮೇಲೆ ಆಕಾಶ ಇನ್ನೂ ಪೂರ್ತಿ ಮಾಸಿಲ್ಲ. ಮಹಾನಗರಗಳು ಕಳೆದುಕೊಂಡು ಕೊರಗುತ್ತಿರುವುದನ್ನು ನಮ್ಮ ಹಳ್ಳಿಗಳು ಈಗಲೇ ಜೋಪಾನ ಮಾಡಿಕೊಳ್ಳಲಿ.