ಸೀಸದ ಹರಳು ಕಾಯಿಸಿದವನ ಕತೆ

ಕುಡುಗೋಲು ತಟ್ಟಿಸಲು ಕುಲುಮೆಗೆ ಹೋದವರಿಗೆ ಇದು ಗೊತ್ತು: ಕೆಂಪಗೆ ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಗಡಸು, ಬೂದಿಯಲ್ಲಿ ಹೂತು ನಿಧಾನಕ್ಕೆ ಆರಿಸಿದರೆ ಮೆದು. ಲೋಹ ಅದೇ, ಒಳಗಿನ ಜೋಡಣೆ ಬೇರೆ. ಅತಿವಾಹಕಗಳ, ಅಂದರೆ ಸೂಪರ್ ಕಂಡಕ್ಟರ್‌ಗಳ ಚರಿತ್ರೆಯಲ್ಲೂ ಒಂದು ದೊಡ್ಡ ತಕರಾರನ್ನು ಬಗೆಹರಿಸಿದ್ದು ಹೀಗೆ ಕಾಯಿಸುವ ಕೆಲಸವೇ. ಬಗೆಹರಿಸಿದವನನ್ನು ಗುಂಡಿಟ್ಟು ಕೊಂದರು.

1911ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ನೆಸ್ ಪಾದರಸವನ್ನು ಮೈನಸ್ 269 ಡಿಗ್ರಿಯ ಹತ್ತಿರಕ್ಕೆ ತಣಿಸಿದಾಗ ಅದರ ವಿದ್ಯುತ್ ರೋಧವೇ ಮಾಯವಾಯಿತು. ಇಂಥ ತಂತಿ ಸುತ್ತಿ ಭಾರೀ ಅಯಸ್ಕಾಂತ ಮಾಡುವ ಆಸೆ ಹುಟ್ಟಿತು, ಬೇಗ ಮುರಿಯಿತು ಕೂಡ. ಶುದ್ಧ ಸೀಸ, ತವರಗಳ ಈ ಗುಣ ಸಣ್ಣ ಕಾಂತಕ್ಷೇತ್ರಕ್ಕೇ ಹೋಗಿಬಿಡುತ್ತದೆ. 1930ರ ಹೊತ್ತಿಗೆ ಸೀಸ-ಬಿಸ್ಮತ್ ಮಿಶ್ರಲೋಹ ಅದರ ಹಲವು ಪಟ್ಟು ಕ್ಷೇತ್ರವನ್ನು ತಾಳಿಕೊಂಡಿದ್ದು ಕಂಡಿತು. ಆದರೆ ಮಿಶ್ರಲೋಹ ಎಂದರೆ ಕೊಳಕು ಸರಕು, ಒಳಗೆ ಒಂದೊಂದು ಕಡೆ ಒಂದೊಂದು ಹದ, ಅದರ ವರ್ತನೆಗೆ ಆ ಅಸಮತೆಯೇ ಕಾರಣ ಎಂದು ಹಲವರು ಕೈಬಿಟ್ಟರು.

ಉಕ್ರೇನಿನ ಖಾರ್ಕಿವ್‌ನಲ್ಲಿ ಲೆವ್ ಶುಬ್ನಿಕೋವ್ ಬಿಡಲಿಲ್ಲ. ಅವರ ತಂಡ ಸೀಸಕ್ಕೆ ಥ್ಯಾಲಿಯಮ್, ಇಂಡಿಯಮ್ ಬೆರೆಸಿ ಒಂದೇ ಹರಳಾಗಿ ಬೆಳೆಸಿತು. ಕರಗುವ ಅಂಚಿನ ಶಾಖದಲ್ಲಿ ಬಹಳ ಹೊತ್ತು ಇಟ್ಟಿತು. ಆ ಶಾಖಕ್ಕೆ ಪರಮಾಣುಗಳು ಸರಿದಾಡಿ ಇಡೀ ಹರಳು ಒಂದೇ ಹದಕ್ಕೆ ಬರುತ್ತದೆ. ಆಮೇಲೆ ತಣಿಸಿ ಅಳೆದರು. ಕೊಳಕು ಹೋದರೂ ವಿಚಿತ್ರ ಹೋಗಲಿಲ್ಲ! ಒಂದು ಮಿತಿಯವರೆಗೆ ಕಾಂತಕ್ಷೇತ್ರ ಒಳಗೆ ಬರುವುದಿಲ್ಲ. ನಂತರ ಸ್ವಲ್ಪ ಸ್ವಲ್ಪವೇ ನುಗ್ಗುತ್ತದೆ. ಆದರೂ ಬಹಳ ದೊಡ್ಡ ಇನ್ನೊಂದು ಮಿತಿಯವರೆಗೆ ಅತಿವಾಹಕತೆ ಉಳಿಯುತ್ತದೆ. ಇದು ಮಿಶ್ರಲೋಹದ ಸ್ವಂತ ಗುಣ ಎಂದಾಯಿತು. ನಮ್ಮ ಮಟ್ಟಿಗೆ ಇಲ್ಲಿ ಉಪಕರಣಕ್ಕಿಂತ ದೊಡ್ಡದು ಆ ತಾಳ್ಮೆ.

ಇದು ಪ್ರಕಟವಾದದ್ದು 1936-37ರಲ್ಲಿ. 1937ರ ಆಗಸ್ಟ್‌ನಲ್ಲಿ ಸ್ಟಾಲಿನ್‌ನ ಪೊಲೀಸರು ಶುಬ್ನಿಕೋವ್‌ರನ್ನು ಹಿಡಿದರು, ನವೆಂಬರ್‌ನಲ್ಲಿ ಕೊಂದರು. ವಯಸ್ಸು 36. ಪುಸ್ತಕಗಳು ಬಹುಕಾಲ ಸಾವಿನ ವರ್ಷವನ್ನು 1945 ಎಂದೇ ಅಚ್ಚುಹಾಕಿದವು. ಸರ್ಕಾರಿ ಕಾಗದ ನಂಬಿ ಸುದ್ದಿ ಬರೆಯುವ ನಮ್ಮಂಥವರು ಇದನ್ನು ಎರಡು ಸಲ ಓದಬೇಕು. 1957ರಲ್ಲಿ ಅವರು ನಿರಪರಾಧಿ ಎಂದು ಘೋಷಣೆಯಾಯಿತು. ಅದೇ ವರ್ಷ ಅಬ್ರಿಕೋಸೊವ್ ಈ ವರ್ತನೆಗೆ ಸಿದ್ಧಾಂತ ಪ್ರಕಟಿಸಿದರು; 2003ರಲ್ಲಿ ಅವರಿಗೆ ನೊಬೆಲ್ ಬಂತು.

ಮುಂದೆ ತಂತಿ ಮಾಡಿದವರು ಹಿಡಿದದ್ದು ಉಲ್ಟಾ ದಾರಿ. ನಯೋಬಿಯಮ್-ಟೈಟಾನಿಯಮ್ ತಂತಿಯನ್ನು ಎಳೆಯುತ್ತ, ನಡುನಡುವೆ ಸುಮಾರು 400 ಡಿಗ್ರಿಯಲ್ಲಿ ಹತ್ತಾರು ಗಂಟೆ ಕಾಯಿಸುತ್ತಾರೆ. ಒಳಗೆ ಟೈಟಾನಿಯಮ್ಮಿನ ಸಣ್ಣ ಚುಕ್ಕೆಗಳು ಬೇರ್ಪಡುತ್ತವೆ. ನುಗ್ಗಿದ ಕಾಂತರೇಖೆಗಳು ಗೂಟಕ್ಕೆ ಕಟ್ಟಿದ ದನದಂತೆ ಅಲ್ಲೇ ನಿಲ್ಲುತ್ತವೆ. ಅವು ಅಲುಗಾಡಿದರೆ ತಂತಿ ಬಿಸಿಯಾಗಿ ಅತಿವಾಹಕತೆ ಕೆಡುತ್ತದೆ. ಶುಬ್ನಿಕೋವ್ ಕಾಯಿಸಿ ತೆಗೆದುಹಾಕಿದ ಅಸಮತೆಯನ್ನು ಇವರು ಕಾಯಿಸಿಯೇ ಬೇಕೆಂದು ಬೆಳೆಸಿದರು. 1.5 ಟೆಸ್ಲಾ ಎಂಆರ್‌ಐ ಯಂತ್ರಗಳೊಳಗೆ, ದ್ರವ ಹೀಲಿಯಮ್ಮಿನ ಚಳಿಯಲ್ಲಿ ಸುತ್ತಿಕೊಂಡು ಕೂತಿರುವುದು ಇದೇ ತಂತಿ.