ಐದು ರೂಪಾಯಿಯ ಮುಯ್ಯಿ

ನಮ್ಮಲ್ಲಿ ಸತ್ತವರ ಆಸ್ತಿ ಹಂಚುವ ಮೊದಲು ಅವರ ಸಾಲ ತೀರಿಸಬೇಕು. ಅದಕ್ಕೇ ಅಬ್ಬಾ ತೀರಿಕೊಂಡ ವಾರದಲ್ಲೇ ನಾವು ಅಣ್ಣತಮ್ಮಂದಿರು ಕಂಪ್ಲಿಯ ಮನೆಯ ಕಬ್ಬಿಣದ ಟ್ರಂಕು ತೆಗೆದು ಕೂತೆವು. ಅಂಗಡಿಯ ಬಾಕಿ, ಗೊಬ್ಬರದ ಬಾಕಿ, ಕೈಗಡ ಎಲ್ಲ ಒಂದು ಗಂಟೆಯಲ್ಲಿ ಗೊತ್ತಾಯಿತು. ಟ್ರಂಕಿನ ತಳದಲ್ಲಿ ಕೆಂಪು ರಟ್ಟಿನ ಒಂದು ಉದ್ದನೆಯ ಪುಸ್ತಕವಿತ್ತು. ಮೊದಲ ಪುಟದ ಮೇಲೆ 786, ಅದರ ಕೆಳಗೆ ಕನ್ನಡದಲ್ಲಿ ‘ಮುಯ್ಯಿ, 1978’. ಅದು ಅಬ್ಬಾನ ಮದುವೆಯ ವರ್ಷ.

ಹೆಸರುಗಳು ಕೆಲವು ಉರ್ದುವಿನಲ್ಲಿ, ಕೆಲವು ಕನ್ನಡದಲ್ಲಿ. ಗೌಡರ ಮನೆಯಿಂದ ಹನ್ನೊಂದು ರೂಪಾಯಿ. ಯಾರೋ ಖಾಲಾ ಒಂದು ಸ್ಟೀಲ್ ಕೊಡ. ಮೇಷ್ಟ್ರು ಎರಡು ರೂಪಾಯಿ. ಹಿಂದಿರುಗಿಸಿದ್ದಕ್ಕೆಲ್ಲ ಎದುರಿಗೆ ಒಂದು ಗೀಟು. ನಲವತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಗೀಟು ಬಿದ್ದಿತ್ತು. ಒಂದಕ್ಕೆ ಮಾತ್ರ ಇರಲಿಲ್ಲ. ‘ಹರಿಗೋಲಿನ ಅಜ್ಜ, 5 ರೂ.’ ತಮ್ಮ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಇದು ಸಾಲವೋ ಉಡುಗೊರೆಯೋ?

ಮುಯ್ಯಿ ಎಂಬ ಮಾತೇ ಹಾಗೆ. ಮದುವೆಯಲ್ಲಿ ಕೊಡುವುದೂ ಮುಯ್ಯಿ, ಅದನ್ನು ಹಿಂದಿರುಗಿಸುವುದೂ ಮುಯ್ಯಿ. ನಾಟಿಯ ಕಾಲಕ್ಕೆ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಬಂದರೆ ಅದು ಮುಯ್ಯಾಳು. ಹಗೆ ತೀರಿಸಿಕೊಂಡರೂ ಮುಯ್ಯಿ ತೀರಿಸಿಕೊಂಡ ಎನ್ನುತ್ತೇವೆ. ಪ್ರೀತಿಗೂ ದುಡಿಮೆಗೂ ಸೇಡಿಗೂ ಕನ್ನಡ ಒಂದೇ ಲೆಕ್ಕದ ಪುಸ್ತಕ ಇಟ್ಟಿದೆ. ಉತ್ತರಕ್ಕೆ ಹೋದರೆ ಇದಕ್ಕೆ ಆಯೇರ ಎನ್ನುತ್ತಾರೆ. ಆಂಧ್ರದ ಗಡಿ ದಾಟಿದರೆ ಚದಿವಿಂಪುಲು, ಅಂದರೆ ಓದಿಸುವುದು. ಇತ್ತ ನಮ್ಮವರೂ ‘ಎಷ್ಟು ಓದಿಸಿದಿ?’ ಅಂತಲೇ ಕೇಳುತ್ತಾರೆ. ಇಂಥವರಿಂದ ಇಷ್ಟು ಎಂದು ಹೆಸರು ಹಿಡಿದು ಚಪ್ಪರದಲ್ಲಿ ಕೂಗಿ ಓದುತ್ತಿದ್ದುದರಿಂದ ಬಂದ ಮಾತು ಇದು. ನಮ್ಮ ಮನೆಗಳಲ್ಲಿ ಮದುಮಗ ಹಿರಿಯರಿಗೆ ಸಲಾಂ ಹೇಳಿದಾಗ ಕೈಗಿಡುವುದು ಸಲಾಮಿ. ಉತ್ತರ ಹಿಂದೂಸ್ತಾನದ ಉರ್ದುವಿನಲ್ಲಿ ಲೆಕ್ಕವಿಟ್ಟು ಕೊಡುವುದಕ್ಕೆ ನ್ಯೋತಾ ಎಂದು ಹೆಸರು.

ಹಣ ಎಂಬ ಪದವೂ ನಮ್ಮ ಸುತ್ತಿನ ಚರಿತ್ರೆಯದೇ. ವಿಜಯನಗರದ ಕಾಲದಲ್ಲಿ ಹಣ ಎಂದರೆ ಒಂದು ಪುಟ್ಟ ಚಿನ್ನದ ನಾಣ್ಯ. 1443ರಲ್ಲಿ ಹಂಪಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಅದನ್ನು ‘ಫನಂ’ ಎಂದು ಬರೆದು, ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ನಾಣ್ಯ ಇದೇ ಎನ್ನುತ್ತಾನೆ. ಅರಸ ತನ್ನನ್ನು ವಾರಕ್ಕೆರಡು ಸಲ ಕರೆಸಿಕೊಂಡು, ಬೀಳ್ಕೊಡುವಾಗಲೆಲ್ಲ ವೀಳ್ಯ, ಕರ್ಪೂರ ಮತ್ತು ಐನೂರು ಫನಂಗಳ ಚೀಲ ಕೊಡುತ್ತಿದ್ದ ಎಂದೂ ಬರೆದಿದ್ದಾನೆ. ಎಲೆ ಅಡಿಕೆಯ ಜೊತೆ ದುಡ್ಡಿಟ್ಟು ಕೊಡುವ ನಮ್ಮ ಪದ್ಧತಿ ಇದಕ್ಕಿಂತ ಬಹಳ ದೂರದ್ದೇನಲ್ಲ. ಬರಿಗೈಯಲ್ಲಿ ದುಡ್ಡು ಹಿಡಿದು ಕೊಟ್ಟರೆ ಅದು ಕೂಲಿಯಂತೆ ಕಾಣುತ್ತದೆ. ಎಲೆಯೊಳಗಿದ್ದರೆ ಮರ್ಯಾದೆ.

ಮರ್ಯಾದೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಹಂಪಿಯದೇ ಕಥೆಯಿದೆ. ಬಹಮನಿ ಸುಲ್ತಾನ ಫಿರೋಜ್ ಷಾ 1406ರ ಸುಮಾರಿಗೆ ದೇವರಾಯನ ಮಗಳನ್ನು ಮದುವೆಯಾದನೆಂದು ಫಿರಿಶ್ತಾ ಬರೆಯುತ್ತಾನೆ. ಊರ ಬಾಗಿಲಿಂದ ಅರಮನೆಯವರೆಗೆ ದಾರಿಗೆ ಜರಿ, ಮಖಮಲ್ಲು ಹಾಸಿದ್ದರಂತೆ. ಬಂಕಾಪುರದ ಕೋಟೆಯನ್ನೂ ಕೊಟ್ಟರಂತೆ. ಮೂರು ದಿನದ ಔತಣ ಮುಗಿದು ಅಳಿಯ ಹೊರಟಾಗ ಮಾವ ನಾಲ್ಕು ಮೈಲಿ ಜೊತೆಗೆ ಬಂದು ಹಿಂದಿರುಗಿದ. ಬಿಡಾರದವರೆಗೆ ಬರಲಿಲ್ಲವೆಂದು ಸುಲ್ತಾನ ಕೆರಳಿದ. ಫಿರಿಶ್ತಾ ಇದನ್ನೆಲ್ಲ ಬರೆದದ್ದು ಇನ್ನೂರು ವರ್ಷ ತಡವಾಗಿ, ಆದ್ದರಿಂದ ಎಷ್ಟು ನಂಬಬೇಕೋ ಅಷ್ಟೇ ನಂಬೋಣ. ಆದರೆ ಕೋಟೆ ಕೊಟ್ಟದ್ದನ್ನು ಮರೆತು, ಬೀಳ್ಕೊಡಲು ಬಾರದ್ದನ್ನು ನೆನಪಿಟ್ಟುಕೊಳ್ಳುವ ಬೀಗರನ್ನು ನಾವು ಯಾರು ಕಂಡಿಲ್ಲ?

ಅದೇ ಸಾಮ್ರಾಜ್ಯದ ಇನ್ನೊಂದು ದಾಖಲೆ ಕಲ್ಲಿನ ಮೇಲಿದೆ. ವೆಲ್ಲೂರಿನ ಬಳಿಯ ವಿರಿಂಚಿಪುರದ 1425ರ ಶಾಸನದಲ್ಲಿ ಪಡೈವೀಡು ರಾಜ್ಯದ ಬ್ರಾಹ್ಮಣರು, ಕನ್ನಡಿಗರು, ತಮಿಳರು, ತೆಲುಗರು, ಲಾಳರು, ಒಟ್ಟಿಗೆ ಕೂತು ಮಾಡಿಕೊಂಡ ಕರಾರಿದೆ. ಇನ್ನು ಮುಂದೆ ಹೆಣ್ಣಿಗೆ ಚಿನ್ನ ತೆಗೆದುಕೊಳ್ಳದೆ ಕನ್ಯಾದಾನವಾಗಿಯೇ ಮದುವೆ ಮಾಡಬೇಕು. ಚಿನ್ನ ಕೊಟ್ಟವನಿಗೂ ಪಡೆದವನಿಗೂ ರಾಜದಂಡನೆ, ಜೊತೆಗೆ ಬಹಿಷ್ಕಾರ. ಆರು ನೂರು ವರ್ಷದ ಹಿಂದೆಯೇ ಮದುವೆಯ ದುಡ್ಡು ಹದ ಮೀರಿತ್ತು.

ನಮ್ಮೂರಿಗೆ ಇದರ ಜೊತೆ ಹೊಳೆಯ ತೊಡಕೂ ಇತ್ತು. ತುಂಗಭದ್ರೆಯ ಈಚೆಗೆ ಕಂಪ್ಲಿ, 1953ರವರೆಗೆ ಮದ್ರಾಸಿಗೆ ಸೇರಿದ್ದು. ಆಚೆಗೆ ಗಂಗಾವತಿಯ ಸೀಮೆ, ನಿಜಾಮನದು. ಈಚೆ ಇಂಗ್ಲಿಷರ ಕಲ್ದಾರ್ ರೂಪಾಯಿ, ಆಚೆ ಹೈದರಾಬಾದಿನ ಹಾಲಿ ಸಿಕ್ಕಾ. ಏಳು ಹಾಲಿಗೆ ಸುಮಾರು ಆರು ಕಲ್ದಾರ್. ದಾದಿಯ ತವರು ಆಚೆ ದಂಡೆ. ‘ನನ್ನ ಅಣ್ಣಂದಿರು ಐದು ಓದಿಸಿದರೆ ಇಲ್ಲಿ ನಾಲ್ಕೂ ಚಿಲ್ಲರೆ ಬರಕೊಳ್ಳೋರು’ ಎಂದು ಅವಳು ಎಂಬತ್ತರ ವಯಸ್ಸಿನಲ್ಲೂ ಸಿಟ್ಟಾಗುತ್ತಿದ್ದಳು. ಹಾಗೆ ಬರೆದವರು ಲೆಕ್ಕದಲ್ಲಿ ಸರಿ, ರೀತಿಯಲ್ಲಿ ತಪ್ಪು. ಆ ಕಾಲದಲ್ಲಿ ಬೀಗರು ಹೊಳೆ ದಾಟುತ್ತಿದ್ದುದು ಹರಿಗೋಲಿನಲ್ಲಿ. ಅಬ್ಬಾನ ಪುಸ್ತಕದ ಐದು ರೂಪಾಯಿಯ ಅಜ್ಜ ಹಾಗೆ ನಮ್ಮ ಮನೆಯ ಎಷ್ಟೋ ಮದುವೆಗಳ ಬೀಗರನ್ನು ದಾಟಿಸಿದವನು. ಸೇತುವೆ ಇದೆ ನಿಜ, ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಅದು ಮುಳುಗಿದ್ದೂ ಇದೆ.

ಲೆಕ್ಕದಲ್ಲಿ ಇನ್ನೊಂದು ಗುಟ್ಟಿದೆ. ಪಂಜಾಬಿನ ಒಂದು ಹಳ್ಳಿಯ ಬಗ್ಗೆ 1960ರಲ್ಲಿ ಪುಸ್ತಕ ಬರೆದ ಜೆಕಿಯೆ ಎಗ್ಲಾರ್ ಅಲ್ಲಿಯ ‘ವರ್ತನ್ ಭಾಂಜಿ’ ಎಂಬ ಪದ್ಧತಿಯನ್ನು ವಿವರಿಸುತ್ತಾರೆ. ಪಡೆದಷ್ಟನ್ನೇ ಸರಿಯಾಗಿ ತಿರುಗಿಸಿಬಿಟ್ಟರೆ ಸಂಬಂಧ ಮುಗಿಯಿತು ಎಂದರ್ಥ. ಕೊಂಚ ಹೆಚ್ಚು ಕೊಟ್ಟರೆ ಬಾಗಿಲು ತೆರೆದಿರುತ್ತದೆ. ಕಂಪ್ಲಿಯಲ್ಲಿ ಓದುಬರಹ ಇಲ್ಲದವರಿಗೂ ಇದು ಗೊತ್ತು. ಹಿಂದೆ ಸವಾ ರೂಪಾಯಿ, ಈಗ ನೂರಾ ಒಂದು, ಐನೂರಾ ಒಂದು. ಲಕೋಟೆಯ ಮೇಲೆ ನಾಣ್ಯ ಅಂಟಿಸಿಕೊಂಡೇ ಅಂಗಡಿಗೆ ಬರುತ್ತದೆ.

ಆದರೆ ಆ ‘ಕೊಂಚ ಹೆಚ್ಚು’ ಎಂಬುದು ಬಡವನ ಕೊರಳಿಗೆ ಬಂದದ್ದನ್ನೂ ಹೇಳಬೇಕು. ಮೈಕು ಬಂದ ಮೇಲೆ ಓದಿಸುವುದು ಊರಿಗೇ ಕೇಳುವಂತಾಯಿತು. ಐವತ್ತು ರೂಪಾಯಿ ಕೂಗಿಸಿಕೊಳ್ಳಲಾರದೆ ಮದುವೆಯ ದಿನ ಜ್ವರ ಎಂದು ಮಲಗಿದವರನ್ನು ನಾನು ಕಂಡಿದ್ದೇನೆ. ದೇವಬಂದಿನ ವಿದ್ವಾಂಸ ಮೌಲಾನಾ ಅಶ್ರಫ್ ಅಲಿ ಥಾನವಿ (1863–1943) ‘ಇಸ್ಲಾಹುರ್ ರುಸೂಮ್’ನಲ್ಲಿ ನ್ಯೋತಾವನ್ನು ಖಂಡಿಸಿದ್ದು ಇದಕ್ಕಾಗಿಯೇ. ಹಿಂದಿರುಗಿಸಲೇಬೇಕಾದ್ದು ಉಡುಗೊರೆಯಲ್ಲ, ಸಾಲ ಎಂಬುದು ಅವರ ವಾದ. ಕುರ್‌ಆನಿನ ಸೂರಾ ರೂಮ್‌ನ 39ನೇ ವಚನವನ್ನು, ಹೆಚ್ಚಿಗೆ ಮರಳಿ ಬರಲೆಂದು ಕೊಡುವ ಕಾಣಿಕೆಗೆ ಅನ್ವಯಿಸಿ ಓದಿದ ವ್ಯಾಖ್ಯಾನಕಾರರೂ ಇದ್ದಾರೆ. ನಾನು ಕೇಳಿದ ಇಬ್ಬರು ಮೌಲ್ವಿಗಳಲ್ಲಿ ಒಬ್ಬರು ‘ಕೊಟ್ಟುಬಿಡಿ, ಸಾಲವೇ’ ಎಂದರು. ಇನ್ನೊಬ್ಬರು ‘ಪ್ರೀತಿಯಿಂದ ಕೊಟ್ಟದ್ದು, ಬೇಡ’ ಎಂದರು.

ಸರ್ಕಾರಕ್ಕೂ ಪಟ್ಟಿ ಬೇಕು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕೇಳದೆ ಕೊಟ್ಟ ಮದುವೆಯ ಉಡುಗೊರೆಗೆ ಅಡ್ಡಿ ಮಾಡುವುದಿಲ್ಲ. ಆದರೆ 1985ರ ನಿಯಮಗಳ ಪ್ರಕಾರ ಪ್ರತಿ ಉಡುಗೊರೆಯ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ ಎಲ್ಲ ಬರೆದು ವಧೂವರರು ಸಹಿ ಹಾಕಬೇಕು. ಅಬ್ಬಾನ ಕೆಂಪು ಪುಸ್ತಕಕ್ಕೆ ಒಂದು ಸಹಿ ಸೇರಿಸಿದರೆ ಹೆಚ್ಚುಕಡಿಮೆ ಅದೇ. ಕಾಯ್ದೆಗೆ ಹೆದರಿ ಪಟ್ಟಿ ಬರೆದ ಮನೆಯನ್ನು ನಾನಂತೂ ಕಂಡಿಲ್ಲ, ಮುಯ್ಯಿಗಾಗಿ ಬರೆಯದ ಮನೆಯನ್ನೂ ಕಂಡಿಲ್ಲ.

ಹರಿಗೋಲಿನ ಅಜ್ಜ ಎಂದೋ ತೀರಿಹೋಗಿದ್ದ. ಅವನ ಮಗಳ ಮದುವೆಗೆ ನಮಗೆ ಕರೆ ಬಂದಿರಲಿಲ್ಲ. ಕರೆದರೆ ಅಬ್ಬಾ ಐದಕ್ಕೆ ಐನೂರು ಓದಿಸಿಯಾನು, ಅದನ್ನು ತಿರುಗಿಸುವುದು ಹೇಗೆ ಎಂದು ಅಜ್ಜ ಹೆದರಿದ್ದನಂತೆ. ಇದನ್ನು ಆ ಮಗಳೇ ನನಗೆ ಹೇಳಿದ್ದು. ಹೊಳೆ ದಂಡೆಯ ಅವಳ ಮನೆಗೆ ನಾನು ಹೋದಾಗ ಅವಳ ಮಗನ ಮದುವೆಗೆ ಇನ್ನು ಹತ್ತು ದಿನವಿತ್ತು. ಎಲೆ ಅಡಿಕೆಯ ಮೇಲೆ ಐನೂರಾ ಐದು ರೂಪಾಯಿ ಇಟ್ಟು ಕೊಟ್ಟೆ. ಅವಳು ಐದನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು. ಐನೂರನ್ನು ನನ್ನ ಕಡೆ ಸರಿಸಿ, ‘ಇದು ಮದುವಿ ದಿನ ತಗೊಂಡ್ ಬಾರಪ್ಪ, ಈಗ ಕೊಟ್ಟುಬಿಟ್ರ ನೀ ಬರಂಗಿಲ್ಲ’ ಎಂದಳು.